ಎರಡು ಅಳಿಲುಗಳ ನಡುವಿನ ನ್ಯಾಯ

ಕೆಂಪು ಅಳಿಲನ್ನು ಉಳಿಸಲು ಬೂದು ಅಳಿಲನ್ನು ಕೊಲ್ಲಬಹುದೇ? ಬ್ರಿಟನ್ ಮತ್ತು ಇಟಲಿಯ ಅನುಭವ ಈ ಪ್ರಶ್ನೆಗೆ ಕೊಡುವ ಉತ್ತರ ನಮ್ಮ ಕಾಡುಗಳಿಗೂ ಬೇಕಾದದ್ದು.

ಬ್ರಿಟನ್ನಿನಲ್ಲಿ ಈಗ ಸುಮಾರು 27 ಲಕ್ಷ ಬೂದು ಅಳಿಲುಗಳಿವೆ. ಕೆಂಪು ಅಳಿಲುಗಳು ಮೂರು ಲಕ್ಷಕ್ಕೂ ಕಡಿಮೆ. ಅಲ್ಲಿನ ಸಸ್ತನಿ ಅಧ್ಯಯನ ಸಂಘ 2018ರಲ್ಲಿ ಮುಂದಿಟ್ಟ ಅಂದಾಜು ಇದು. ಉಳಿದಿರುವ ಕೆಂಪು ಅಳಿಲುಗಳಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಇರುವುದು ಸ್ಕಾಟ್ಲೆಂಡಿನಲ್ಲಿ. ಇಂಗ್ಲೆಂಡಿನ ಪಾಲಿಗೆ ನಲವತ್ತು ಸಾವಿರದಷ್ಟು, ವೇಲ್ಸ್ ಪಾಲಿಗೆ ಹತ್ತು ಸಾವಿರಕ್ಕೂ ಕಡಿಮೆ. ನೂರೈವತ್ತು ವರ್ಷಗಳ ಹಿಂದೆ ಆ ದ್ವೀಪದ ಮರಗಳಲ್ಲಿ ಓಡಾಡುತ್ತಿದ್ದ ಅಳಿಲೆಂದರೆ ಕೆಂಪು ಅಳಿಲೊಂದೇ. ಹಿಮಯುಗ ಸರಿದ ಕಾಲದಿಂದಲೂ ಅದು ಅಲ್ಲಿಯದು. ಬೂದು ಅಳಿಲು ಉತ್ತರ ಅಮೆರಿಕದ ಪೂರ್ವ ಭಾಗದ ಪ್ರಾಣಿ. ಅಟ್ಲಾಂಟಿಕ್ ಸಾಗರವನ್ನು ಅದು ತಾನಾಗಿ ದಾಟಿ ಬರಲಿಲ್ಲ, ಮನುಷ್ಯ ತಂದು ಬಿಟ್ಟ. ಈಗ ಅದೇ ಮನುಷ್ಯ ಅದನ್ನು ಬೋನಿಟ್ಟು ಹಿಡಿದು ಕೊಲ್ಲುತ್ತಿದ್ದಾನೆ. ತಪ್ಪು ಮಾಡಿದವರು ಒಬ್ಬರು, ಶಿಕ್ಷೆ ಇನ್ನೊಬ್ಬರಿಗೆ ಎಂಬಂತೆ ಕಾಣುವ ಈ ಕೆಲಸವನ್ನು ಯಾವ ನ್ಯಾಯದ ಮೇಲೆ ಸಮರ್ಥಿಸುವುದು?

ಇದಕ್ಕೆ ಎರಡು ಸುಲಭದ ಉತ್ತರಗಳಿವೆ. ಹೊರಗಿನ ಪ್ರಾಣಿ, ಆದ್ದರಿಂದ ಕೊಲ್ಲಿ ಎನ್ನುವುದು ಒಂದು. ಜೀವ ಯಾವುದಾದರೂ ಜೀವವೇ, ಆದ್ದರಿಂದ ಮುಟ್ಟಬೇಡಿ ಎನ್ನುವುದು ಇನ್ನೊಂದು. ಎರಡೂ ಕಾಡಿನಲ್ಲಿ ನಡೆಯುತ್ತಿರುವುದನ್ನು ನೋಡದೆಯೇ ಹೇಳಬಹುದಾದ ಮಾತುಗಳು. ಕಳೆದ ಎಪ್ಪತ್ತು ವರ್ಷಗಳಲ್ಲಿ ಯುರೋಪಿನಲ್ಲಿ ನಡೆದ ಪ್ರಯತ್ನಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಮೂರನೆಯ ಉತ್ತರವೊಂದು ಸ್ಪಷ್ಟವಾಗುತ್ತದೆ. ಕೊಲ್ಲುವುದಕ್ಕೆ ಸಮರ್ಥನೆ ಸಿಗುವುದು ಅದು ಮುಗಿಸಬಹುದಾದ ಕೆಲಸವಾಗಿದ್ದಾಗ, ಬೇಗ ಆರಂಭಿಸಿದಾಗ, ಆಮೇಲೂ ಕಾವಲು ಬಿಡದಿದ್ದಾಗ ಮಾತ್ರ. ಮುಗಿಸುವ ಉದ್ದೇಶವಿಲ್ಲದೆ ಕೊಲ್ಲುತ್ತಾ ಹೋಗುವುದು ಕ್ರೌರ್ಯ. ಮುಗಿಸಬಹುದಾಗಿದ್ದಾಗ ಕೈಕಟ್ಟಿ ಕೂರುವುದು ಅದಕ್ಕಿಂತ ದೊಡ್ಡ ಕ್ರೌರ್ಯ.

ಶೋಕಿಗಾಗಿ ಬಂದ ಪ್ರಾಣಿ

ಬ್ರಿಟನ್ನಿನಲ್ಲಿ ಬೂದು ಅಳಿಲನ್ನು ಬಿಡುಗಡೆ ಮಾಡಿದ್ದಕ್ಕೆ ಸಿಗುವ ಮೊದಲ ಖಚಿತ ದಾಖಲೆ 1876ರದು. ಚೆಶೈರ್ ಸೀಮೆಯ ಹೆನ್‌ಬರಿ ಪಾರ್ಕ್ ಎಂಬ ಎಸ್ಟೇಟಿನಲ್ಲಿ ಥಾಮಸ್ ಬ್ರಾಕಲ್‌ಹರ್ಸ್ಟ್ ಎಂಬ ಸಿರಿವಂತ ಅಮೆರಿಕದಿಂದ ತಂದ ಅಳಿಲುಗಳನ್ನು ಬಿಟ್ಟ. 1890ರಲ್ಲಿ ಬೆಡ್‌ಫರ್ಡ್‌ನ ಹನ್ನೊಂದನೆಯ ಡ್ಯೂಕ್ ಹರ್ಬ್ರಾಂಡ್ ರಸೆಲ್ ತನ್ನ ವೋಬರ್ನ್ ಎಸ್ಟೇಟಿಗೆ ನ್ಯೂಜೆರ್ಸಿಯಿಂದ ಹತ್ತು ಅಳಿಲುಗಳನ್ನು ತರಿಸಿಕೊಂಡ. ಅಲ್ಲಿ ಹೆಚ್ಚಿದ ಸಂತತಿಯನ್ನು ಬೇರೆ ಬೇರೆ ಊರುಗಳ ಶ್ರೀಮಂತರಿಗೆ ಉಡುಗೊರೆಯಾಗಿ ಹಂಚಿದ. ಲಂಡನ್ನಿನ ರೀಜೆಂಟ್ಸ್ ಪಾರ್ಕಿಗೂ ಅವು ಹೋದವು. 1911ರಲ್ಲಿ ಐರ್ಲೆಂಡಿನ ಕ್ಯಾಸಲ್ ಫೋರ್ಬ್ಸ್‌ನಲ್ಲಿ ಮದುವೆಯ ಉಡುಗೊರೆಯಾಗಿ ಬಂದ ಅಳಿಲುಗಳು ಕಾಡು ಸೇರಿ ಆ ದ್ವೀಪದ ಅರ್ಧಕ್ಕೂ ಹೆಚ್ಚು ಭಾಗವನ್ನು ಆವರಿಸಿದವು. ಆಗಿನ ದಿನಗಳಲ್ಲಿ ಇದನ್ನು ಯಾರೂ ಅಪಾಯವೆಂದು ಎಣಿಸಲಿಲ್ಲ. ಪರದೇಶದ ಗಿಡ, ಹಕ್ಕಿ, ಪ್ರಾಣಿಗಳನ್ನು ತಂದು ತಮ್ಮ ತೋಟದಲ್ಲಿ ಬಿಡುವುದು ಶೋಕಿಯಾಗಿತ್ತು, ವಿದ್ಯಾವಂತಿಕೆಯ ಗುರುತೂ ಆಗಿತ್ತು. ಬೂದು ಅಳಿಲನ್ನು ಆಮದು ಮಾಡಿಕೊಳ್ಳುವುದನ್ನೂ ಸಾಕುವುದನ್ನೂ ನಿಷೇಧಿಸಿ ಬ್ರಿಟಿಷ್ ಸರ್ಕಾರ ಆದೇಶ ಹೊರಡಿಸಿದ್ದು 1937ರಲ್ಲಿ. ಅಷ್ಟರಲ್ಲಿ ಅರವತ್ತು ವರ್ಷಗಳು ಕಳೆದುಹೋಗಿದ್ದವು.

ಈ ಇತಿಹಾಸದಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಬೂದು ಅಳಿಲಿನ ಸಾಮ್ರಾಜ್ಯವಿಸ್ತಾರ ಪೂರ್ತಿ ಅದರ ಸ್ವಂತ ಸಾಹಸವಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಬೂದು ಅಳಿಲುಗಳ ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ಅವುಗಳ ಮೂಲ ಸಿಕ್ಕಿದ್ದು ಪಕ್ಕದ ಜಿಲ್ಲೆಗಳಲ್ಲಲ್ಲ, ನೂರಾರು ಮೈಲಿ ದೂರದ ದಕ್ಷಿಣ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ. ಕಾಡಿನಿಂದ ಕಾಡಿಗೆ ಹಾರಿ ಅವು ಅಲ್ಲಿಗೆ ತಲುಪಿದ್ದಲ್ಲ, ಯಾರೋ ಒಯ್ದು ಬಿಟ್ಟಿದ್ದು. ಅಂದರೆ ಬಿಡುವುದನ್ನು ನಿಲ್ಲಿಸದೆ ಹಿಡಿಯುವುದಷ್ಟನ್ನೇ ಮಾಡಿದರೆ ಕೆಲಸ ಎಂದೂ ತೀರದು.

ಜಗಳವಿಲ್ಲದ ಸೋಲು

ಬೂದು ಅಳಿಲು ಕೆಂಪು ಅಳಿಲನ್ನು ಅಟ್ಟಿಸಿಕೊಂಡು ಹೋಗಿ ಕೊಲ್ಲುತ್ತದೆ ಎಂಬ ನಂಬಿಕೆ ಬ್ರಿಟನ್ನಿನಲ್ಲಿ ಬಹುಕಾಲ ಇತ್ತು. ಹಾಗೇನೂ ಇಲ್ಲ. ಎರಡೂ ಒಂದೇ ಮರದಲ್ಲಿ ತಮ್ಮ ಪಾಡಿಗೆ ತಾವು ಇರುವುದನ್ನು ನೋಡಬಹುದು. ಸೋಲು ಗೆಲುವು ನಿರ್ಧಾರವಾಗುವುದು ಹೊಟ್ಟೆಯ ಲೆಕ್ಕದಲ್ಲಿ. ಕೆಂಪು ಅಳಿಲಿನ ತೂಕ ಮುನ್ನೂರು ಗ್ರಾಂ ಆಸುಪಾಸು, ನಮ್ಮ ಅಂಗಳದ ಗೆರೆ ಅಳಿಲಿನ ಎರಡು ಮೂರು ಪಟ್ಟು. ಬೂದು ಅಳಿಲು ಐನೂರು ಗ್ರಾಂ ದಾಟುತ್ತದೆ. ಓಕ್ ಮರದ ಬೀಜದಲ್ಲಿರುವ ಒಗರಿನ ಅಂಶವನ್ನು ಬೂದು ಅಳಿಲಿನ ಹೊಟ್ಟೆ ಅರಗಿಸಿಕೊಳ್ಳುತ್ತದೆ, ಕೆಂಪು ಅಳಿಲಿನ ಹೊಟ್ಟೆ ಅಷ್ಟಾಗಿ ಅರಗಿಸಿಕೊಳ್ಳದು. ಹಾಗಾಗಿ ಓಕ್ ಕಾಡಿನಲ್ಲಿ ಬೂದು ಅಳಿಲಿಗೆ ಇಡೀ ಚಳಿಗಾಲಕ್ಕೆ ಆಗುವಷ್ಟು ದಾಸ್ತಾನು. ಕೆಂಪು ಅಳಿಲು ನೆಚ್ಚಿಕೊಂಡಿರುವುದು ಹೇಝಲ್ ಕಾಯಿಯನ್ನು. ಅದು ಬಲಿಯುವ ಮೊದಲೇ ಬೂದು ಅಳಿಲು ತಿಂದು ಮುಗಿಸಿರುತ್ತದೆ. ಕೆಂಪು ಅಳಿಲು ನೆಲದಲ್ಲಿ ಹೂತಿಟ್ಟುಕೊಂಡ ಬೀಜಗಳನ್ನೂ ಹುಡುಕಿ ತೆಗೆದು ತಿನ್ನುತ್ತದೆ. ವಸಂತದಲ್ಲಿ ಮೈ ತುಂಬಿಕೊಳ್ಳಬೇಕಾದ ಹೆಣ್ಣು ಕೆಂಪು ಅಳಿಲು ಸೊರಗುತ್ತದೆ, ಮರಿ ಹಾಕುವುದು ಕಡಿಮೆಯಾಗುತ್ತದೆ. ಹುಟ್ಟಿದ ಮರಿಗಳಿಗೆ ನೆಲೆ ನಿಲ್ಲಲು ಜಾಗವೂ ಸಿಗುವುದಿಲ್ಲ. ಎಲೆ ಉದುರಿಸುವ ಕಾಡಿನಲ್ಲಿ ಒಂದು ಹೆಕ್ಟೇರಿಗೆ ಎಂಟಕ್ಕೂ ಹೆಚ್ಚು ಬೂದು ಅಳಿಲುಗಳು ಬದುಕಬಲ್ಲವು; ಅದೇ ಜಾಗದಲ್ಲಿ ಕೆಂಪು ಅಳಿಲು ಒಂದಿದ್ದರೆ ಹೆಚ್ಚು. ಒಬ್ಬರನ್ನೊಬ್ಬರು ಮುಟ್ಟದೆಯೇ, ಹದಿನೈದು ವರ್ಷಗಳ ಆಸುಪಾಸಿನಲ್ಲಿ ಒಂದು ಕಾಡಿನಿಂದ ಕೆಂಪು ಅಳಿಲು ಕಾಣೆಯಾಗುತ್ತದೆ.

ಇದರ ಮೇಲೆ ರೋಗವೂ ಸೇರಿದರೆ ಅಷ್ಟು ವರ್ಷವೂ ಬೇಕಾಗುವುದಿಲ್ಲ. ಬೂದು ಅಳಿಲುಗಳು ಸ್ಕ್ವಿರಲ್‌ಪಾಕ್ಸ್ ಎಂಬ ಸಿಡುಬಿನ ಜಾತಿಯ ವೈರಸ್ಸನ್ನು ಹೊತ್ತು ತಿರುಗುತ್ತವೆ. ಅವಕ್ಕೆ ಅದರಿಂದ ತೊಂದರೆಯಿಲ್ಲ, ರಕ್ತದಲ್ಲಿ ಪ್ರತಿಕಾಯ ಬೆಳೆದಿರುತ್ತದೆ. ಅದೇ ವೈರಸ್ ಕೆಂಪು ಅಳಿಲಿಗೆ ತಗುಲಿದರೆ ಕಣ್ಣಿನ ಸುತ್ತ, ಮೂತಿಯ ಮೇಲೆ, ಬೆರಳುಗಳ ಸಂದಿಯಲ್ಲಿ ಗುಳ್ಳೆಗಳೆದ್ದು ಒಡೆದು ಹಕ್ಕಳೆ ಕಟ್ಟುತ್ತವೆ. ರೆಪ್ಪೆ ಅಂಟಿಕೊಂಡು ಕಣ್ಣು ಕಾಣಿಸುವುದಿಲ್ಲ, ಬಾಯಿ ಹುಣ್ಣಾಗಿ ಬೀಜ ಒಡೆಯಲಾಗುವುದಿಲ್ಲ, ಕೊಂಬೆ ಹಿಡಿಯಲು ಬೆರಳು ಬಗ್ಗುವುದಿಲ್ಲ. ಮನುಷ್ಯ ಹತ್ತಿರ ಹೋದರೂ ಓಡದೆ ನೆಲದ ಮೇಲೆ ಮುದುರಿ ಕೂತಿರುತ್ತದೆ. ಎರಡು ವಾರದೊಳಗೆ ಸಾಯುತ್ತದೆ. ಇಂಗ್ಲೆಂಡಿನ ವಾಯವ್ಯ ಕರಾವಳಿಯ ಫಾರ್ಂಬಿಯ ಪೈನ್ ತೋಪುಗಳಲ್ಲಿ 2008ರಲ್ಲಿ ಈ ರೋಗ ಹರಡಿದಾಗ ಅಲ್ಲಿನ ಕೆಂಪು ಅಳಿಲುಗಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಎಂಟು ಸತ್ತವು. ಆಮೇಲೆ ಸಂಖ್ಯೆ ನಿಧಾನವಾಗಿ ಚೇತರಿಸಿಕೊಂಡಿತಾದರೂ ಅಪಾಯ ತಪ್ಪಿಲ್ಲ. ವೈರಸ್ ಇರುವ ಕಡೆ ಬೂದು ಅಳಿಲು ಕೆಂಪು ಅಳಿಲಿನ ಜಾಗ ಹಿಡಿಯುವ ವೇಗ ಹದಿನೇಳರಿಂದ ಇಪ್ಪತ್ತೈದು ಪಟ್ಟು ಹೆಚ್ಚುತ್ತದೆ ಎಂದು ಬ್ರಿಟಿಷ್ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಇದಕ್ಕೆ ಬಳಕೆಗೆ ಬಂದ ಲಸಿಕೆಯಿಲ್ಲ.

ಬೂದು ಅಳಿಲಿನಿಂದ ಮರಕ್ಕೂ ಹಾನಿಯಿದೆ. ವಸಂತದ ಕೊನೆಗೆ, ಬೇಸಿಗೆಯ ಆರಂಭಕ್ಕೆ ಅದು ಬೀಚ್, ಸಿಕಮೋರ್, ಓಕ್ ಮರಗಳ ತೊಗಟೆಯನ್ನು ಪಟ್ಟಿಪಟ್ಟಿಯಾಗಿ ಸುಲಿದು ಒಳಗಿನ ರಸವತ್ತಾದ ಪದರವನ್ನು ತಿನ್ನುತ್ತದೆ. ಅದರ ಕಣ್ಣು ಹತ್ತರಿಂದ ನಲವತ್ತು ವರ್ಷ ವಯಸ್ಸಿನ ಮರಗಳ ಮೇಲೆ. ಕಾಂಡದ ಸುತ್ತ ಬಳೆಯಂತೆ ತೊಗಟೆ ಹೋದರೆ ಅಲ್ಲಿಂದ ಮೇಲಿನ ಭಾಗ ಒಣಗುತ್ತದೆ. ದೇಶಿ ಮರಗಳ ಕಾಡನ್ನು ಮತ್ತೆ ಬೆಳೆಸಬೇಕೆಂದು ಹೊರಟವರು ನೆಟ್ಟ ಸಸಿ ಮರವಾಗುವ ಹೊತ್ತಿಗೆ ಸರಿಯಾಗಿ ಈ ಪೆಟ್ಟು ಬೀಳುತ್ತದೆ. ಇದರಿಂದಾಗಿ ಅನೇಕ ಭೂಮಾಲೀಕರು ಅಂಥ ಮರಗಳನ್ನು ನೆಡಲೇ ಹಿಂಜರಿಯುತ್ತಾರೆ.

ಮೂರು ಪ್ರಯತ್ನ, ಮೂರು ಪಾಠ

ಮೊದಲನೆಯದು ಬಹುಮಾನದ ಯೋಜನೆ. 1953ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಬೂದು ಅಳಿಲಿನ ಬಾಲ ತಂದವರಿಗೆ ಒಂದು ಶಿಲ್ಲಿಂಗ್ ಎಂದು ಘೋಷಿಸಿತು. ಆಮೇಲೆ ಅದನ್ನು ಎರಡು ಶಿಲ್ಲಿಂಗಿಗೆ ಏರಿಸಿತು. ಹತ್ತು ಲಕ್ಷಕ್ಕೂ ಹೆಚ್ಚು ಬಾಲಗಳಿಗೆ ಹಣ ಕೊಟ್ಟು 1958ರಲ್ಲಿ ಯೋಜನೆಯನ್ನು ಕೈಬಿಟ್ಟಿತು. ಬೂದು ಅಳಿಲುಗಳ ಸಂಖ್ಯೆಯಲ್ಲಾಗಲಿ ಹರಡುವಿಕೆಯಲ್ಲಾಗಲಿ ಲೆಕ್ಕಕ್ಕೆ ಸಿಗುವ ಇಳಿಕೆ ಆಗಲಿಲ್ಲ. ಕಾರಣ ಕಂಡುಹಿಡಿಯಲು ಕಷ್ಟವೇನಿಲ್ಲ. ಬಾಲಕ್ಕೆ ದುಡ್ಡು ಕೊಟ್ಟರೆ ಬೇಟೆಗಾರ ಅಳಿಲು ಹೇರಳವಾಗಿರುವ ಕಡೆಗೇ ಹೋಗುತ್ತಾನೆ. ಹತ್ತು ಉಳಿದ ಕಾಡಿನಲ್ಲಿ ಕೊನೆಯ ಹತ್ತಕ್ಕಾಗಿ ವಾರಗಟ್ಟಲೆ ಕಾಯುವುದು ಅವನಿಗೆ ನಷ್ಟ. ಉಳಿದ ಅಳಿಲುಗಳಿಗೆ ಆಹಾರ ಧಾರಾಳವಾಗಿ ಸಿಗುತ್ತದೆ, ವರ್ಷಕ್ಕೆ ಎರಡು ಸೂಲು ಮರಿ ಹಾಕಬಲ್ಲ ಪ್ರಾಣಿ ಖಾಲಿ ಜಾಗವನ್ನು ತುಂಬಿಕೊಳ್ಳುತ್ತದೆ, ಪಕ್ಕದ ಕಾಡಿನಿಂದಲೂ ಬರುತ್ತವೆ. ಬೇರು ಬಿಟ್ಟು ಕಿತ್ತ ಗರಿಕೆ ಮುಂದಿನ ಮಳೆಗೆ ಇಮ್ಮಡಿ ಹಬ್ಬುವ ಹಾಗೆ. ಹತ್ತು ಲಕ್ಷ ಪ್ರಾಣಿಗಳು ಸತ್ತು ಒಂದು ಕೆಂಪು ಅಳಿಲಿನ ಕಾಡೂ ಉಳಿಯಲಿಲ್ಲ. ನಿಯಂತ್ರಣವನ್ನು ವಿರೋಧಿಸುವವರು ಮುಂದಿಡುವ ಅತ್ಯಂತ ಬಲವಾದ ಉದಾಹರಣೆ ಇದು. ಅವರು ಹೇಳುವುದು ಸರಿ: ಇಂಥ ಕೊಲೆಗೆ ಯಾವ ಸಮರ್ಥನೆಯೂ ಇಲ್ಲ.

ಎರಡನೆಯದು ವೇಲ್ಸ್‌ನ ಆಂಗಲ್‌ಸೀ ದ್ವೀಪದ್ದು. ಸುಮಾರು ಏಳುನೂರು ಚದರ ಕಿಲೋಮೀಟರ್ ವಿಸ್ತಾರದ ಈ ದ್ವೀಪವನ್ನು ಮುಖ್ಯ ನೆಲದಿಂದ ಬೇರ್ಪಡಿಸುವುದು ಮೆನಾಯ್ ಎಂಬ ಕಿರಿದಾದ ಜಲಸಂಧಿ, ಅದರ ಮೇಲೆ ಎರಡು ಸೇತುವೆಗಳು. 1990ರ ದಶಕದ ಕೊನೆಗೆ ದ್ವೀಪದಲ್ಲಿ ಉಳಿದಿದ್ದ ಕೆಂಪು ಅಳಿಲುಗಳು ಸುಮಾರು ನಲವತ್ತು, ಅದೂ ಒಂದೇ ಕಾಡಿನಲ್ಲಿ. 1997ರಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ಬಹುಮಾನವಿರಲಿಲ್ಲ, ನಕ್ಷೆಯಿತ್ತು. ಕಾಡಿನಿಂದ ಕಾಡಿಗೆ ಕ್ರಮವಾಗಿ ಬೋನು ಇಡಲಾಯಿತು. ತಂತಿಯ ಬೋನಿನೊಳಗೆ ಜೋಳ, ಸೂರ್ಯಕಾಂತಿ ಬೀಜದಂಥ ತಿನಿಸು, ಮೇಲೆ ಮಳೆಗಾಳಿ ತಾಗದಂತೆ ಮುಚ್ಚಿಗೆ. ಪ್ರತಿದಿನ ತಪ್ಪದೆ ಹೋಗಿ ನೋಡುವುದು. ಕೆಂಪು ಅಳಿಲು ಸಿಕ್ಕಿದ್ದರೆ ಅಲ್ಲೇ ಬಿಡುವುದು, ಬೂದು ಅಳಿಲಾಗಿದ್ದರೆ ತಕ್ಷಣ ಪ್ರಾಣ ಹೋಗುವಂತೆ ಕೊಲ್ಲುವುದು. ಅಳಿಲುಗಳ ಸಂಖ್ಯೆ ಇಳಿದ ಹಾಗೆಲ್ಲ ಕೆಲಸ ಕಷ್ಟವಾಗುತ್ತಾ ಹೋಯಿತು, ಆದರೆ ನಿಲ್ಲಲಿಲ್ಲ. ಆವರಣದಲ್ಲಿ ಸಾಕಿ ಬೆಳೆಸಿದ ಕೆಂಪು ಅಳಿಲುಗಳನ್ನು ದ್ವೀಪದ ಬೇರೆ ಕಾಡುಗಳಿಗೆ ಬಿಟ್ಟರು. 2015ರಲ್ಲಿ ಆಂಗಲ್‌ಸೀ ಬೂದು ಅಳಿಲಿನಿಂದ ಮುಕ್ತವೆಂದು ಘೋಷಣೆಯಾಯಿತು. ಇಂದು ಅಲ್ಲಿ ಏಳುನೂರಕ್ಕೂ ಹೆಚ್ಚು ಕೆಂಪು ಅಳಿಲುಗಳಿವೆ.

ಆಂಗಲ್‌ಸೀಯ ದಾಖಲೆಗಳಲ್ಲಿ ಇನ್ನೂ ಒಂದು ಅಮೂಲ್ಯ ಸಂಗತಿಯಿದೆ. ಹಿಡಿದ ಬೂದು ಅಳಿಲುಗಳ ರಕ್ತವನ್ನು ವರ್ಷ ವರ್ಷವೂ ಪರೀಕ್ಷಿಸಿದಾಗ, ಅವುಗಳ ಸಾಂದ್ರತೆ ಇಳಿದಂತೆ ಸ್ಕ್ವಿರಲ್‌ಪಾಕ್ಸ್ ಪ್ರತಿಕಾಯವಿರುವ ಅಳಿಲುಗಳ ಪ್ರಮಾಣವೂ ತೀವ್ರವಾಗಿ ಕುಸಿದದ್ದು ಕಂಡುಬಂತು. ಬೂದು ಅಳಿಲು ವಿರಳವಾದರೆ ವೈರಸ್ಸಿಗೂ ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿ ಸಿಗುವುದಿಲ್ಲ. ಲಸಿಕೆಯಿಲ್ಲದ ರೋಗವೊಂದನ್ನು ಒಂದು ಪ್ರದೇಶದಿಂದ ಹಿಮ್ಮೆಟ್ಟಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ಕಾವಲು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಪಕ್ಕದಲ್ಲೇ ಇದೆ. ಜಲಸಂಧಿಯ ಆಚೆ ದಡದ ಗ್ವಿನೆಡ್ ಜಿಲ್ಲೆಯ ಕಾಡುಗಳಲ್ಲಿ ನೆಲೆಗೊಳ್ಳುತ್ತಿದ್ದ ಕೆಂಪು ಅಳಿಲುಗಳಲ್ಲಿ ಬಹುಪಾಲು 2020ರ ಚಳಿಗಾಲದಲ್ಲಿ ಇದೇ ರೋಗಕ್ಕೆ ಬಲಿಯಾದವು.

ಮೂರನೆಯದು ಇಟಲಿಯದು, ಇದನ್ನು ಓದಿದರೆ ಮನಸ್ಸು ಭಾರವಾಗುತ್ತದೆ. 1948ರಲ್ಲಿ ಟ್ಯೂರಿನ್ ನಗರದ ಬಳಿಯ ಸ್ಟುಪಿನಿಜಿಯಲ್ಲಿ ಅಮೆರಿಕದಿಂದ ತಂದ ಎರಡೇ ಜೋಡಿ ಬೂದು ಅಳಿಲುಗಳನ್ನು ಬಿಡಲಾಯಿತು. ಐವತ್ತು ವರ್ಷಗಳಲ್ಲಿ ಅವು ಕೆಲವು ಸಾವಿರವಾಗಿದ್ದವು, ಆದರೂ ಪೀಡ್‌ಮಾಂಟ್ ಬಯಲಿನ ಒಂದು ಮೂಲೆಯಲ್ಲಷ್ಟೇ ಇದ್ದವು. ಆಲ್ಪ್ಸ್ ಪರ್ವತದ ತಪ್ಪಲಿನ ದಟ್ಟ ಕಾಡುಗಳನ್ನು ಮುಟ್ಟುವ ಮೊದಲೇ ಮುಗಿಸಿಬಿಡಬೇಕೆಂದು ಇಟಲಿಯ ರಾಷ್ಟ್ರೀಯ ವನ್ಯಜೀವಿ ಸಂಸ್ಥೆ ಮತ್ತು ಟ್ಯೂರಿನ್ ವಿಶ್ವವಿದ್ಯಾಲಯ 1997ರಲ್ಲಿ ರಕೋನಿಜಿ ಉದ್ಯಾನದಲ್ಲಿ ಪ್ರಯೋಗ ಆರಂಭಿಸಿದವು. ಎಂಟೇ ದಿನಗಳಲ್ಲಿ ಅಲ್ಲಿನ ಅರ್ಧಕ್ಕಿಂತ ಹೆಚ್ಚು ಅಳಿಲುಗಳು ಸಿಕ್ಕವು. ಅಷ್ಟರಲ್ಲಿ ಪ್ರಾಣಿ ಹಕ್ಕುಗಳ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. ಜೂನ್ 1997ರಲ್ಲಿ ಕೆಲಸ ನಿಂತಿತು. ವಿಜ್ಞಾನಿಗಳ ವಿರುದ್ಧ ವಿಚಾರಣೆ ನಡೆದು ಜುಲೈ 2000ದಲ್ಲಿ ಅವರು ದೋಷಮುಕ್ತರಾದರು. ಆ ಮೂರು ವರ್ಷಗಳಲ್ಲಿ ಬೂದು ಅಳಿಲು ಎಷ್ಟು ವಿಸ್ತಾರಕ್ಕೆ ಹಬ್ಬಿತ್ತೆಂದರೆ, ಪೂರ್ತಿ ನಿರ್ಮೂಲನೆ ಇನ್ನು ಸಾಧ್ಯವಿಲ್ಲ ಎಂಬ ತೀರ್ಮಾನಕ್ಕೆ ಬರಬೇಕಾಯಿತು. ಈಗ ಉತ್ತರ ಇಟಲಿಯಲ್ಲಿ ಅಲ್ಲಲ್ಲಿ ತಡೆಯುವ, ಹಿಡಿಯುವ, ಕೊಲ್ಲುವ ಕೆಲಸ ಕೊನೆಯಿಲ್ಲದಂತೆ ನಡೆಯಬೇಕಾಗಿದೆ. ಕೆಲವು ಸಾವಿರ ಪ್ರಾಣಿಗಳ ಜೀವ ಉಳಿಸಲು ಹೂಡಿದ ದಾವೆ, ಅದಕ್ಕಿಂತ ಎಷ್ಟೋ ಹೆಚ್ಚು ಪ್ರಾಣಿಗಳ ಸಾವಿಗೆ ದಾರಿಯಾಯಿತು.

ಆಕ್ಷೇಪಗಳಿಗೆ ಉತ್ತರ

ಈ ವಾದಕ್ಕೆ ಗಂಭೀರ ಆಕ್ಷೇಪಗಳಿವೆ, ಅವುಗಳನ್ನು ಗೌರವದಿಂದ ಎದುರಿಸಬೇಕು. ಬೂದು ಅಳಿಲಿಗೂ ನೋವಿದೆ, ಭಯವಿದೆ, ಗೂಡಿನಲ್ಲಿ ಮರಿಗಳಿವೆ; ಅದು ಯಾವ ಅಪರಾಧವನ್ನೂ ಮಾಡಿಲ್ಲ ಎಂಬುದು ಮೊದಲನೆಯದು. ಇದು ಅಕ್ಷರಶಃ ನಿಜ. ಹಾಗಾಗಿ ನಿಯಂತ್ರಣವನ್ನು ಶಿಕ್ಷೆಯೆಂದು ಕರೆಯುವುದೂ, ಪ್ರಾಣಿಯನ್ನು ಖಳನಂತೆ ಚಿತ್ರಿಸುವುದೂ ತಪ್ಪು. ಆದರೆ ಕೈಬಿಟ್ಟರೆ ನೋವು ಇಲ್ಲವಾಗುವುದಿಲ್ಲ, ಕಣ್ಣಿಗೆ ಕಾಣದ ಕಡೆ ನಡೆಯುತ್ತದೆ. ಸಿಡುಬಿನಿಂದ ಕುರುಡಾಗಿ ಎರಡು ವಾರ ನರಳುವ ಕೆಂಪು ಅಳಿಲಿನ ಸಾವಿಗೆ ಯಾರ ಸಹಿಯೂ ಇರುವುದಿಲ್ಲ, ಹಾಗೆಂದು ಅದು ನಮ್ಮ ಹೊಣೆಯಲ್ಲದ ಸಾವಾಗುವುದಿಲ್ಲ. ಬೂದು ಅಳಿಲನ್ನು ತಂದವನು ಮನುಷ್ಯನಾದ್ದರಿಂದ ಎರಡೂ ಸಾವುಗಳ ಭಾರ ಅವನ ಮೇಲಿದೆ. ಅವುಗಳಲ್ಲಿ ಯಾವುದು ಕಡಿಮೆ, ಯಾವುದು ಬೇಗ ನಿಲ್ಲುತ್ತದೆ ಎಂಬುದನ್ನು ನೋಡುವುದೇ ಇಲ್ಲಿ ಉಳಿದಿರುವ ಕರುಣೆ. ವಿಧಾನದ ಬಗ್ಗೆಯೂ ರಾಜಿ ಸಲ್ಲದು. ತರಬೇತಿಯಿಲ್ಲದವರ ಕೈಗೆ ಬೋನು ಕೊಡಬಾರದು. ನೀರಿನಲ್ಲಿ ಮುಳುಗಿಸಿ ಕೊಲ್ಲುವುದು ಬ್ರಿಟನ್ನಿನ ಕಾನೂನಿನ ಪ್ರಕಾರವೂ ಅಪರಾಧ. ಎಳೆ ಮರಿಗಳಿರುವ ತಿಂಗಳುಗಳಲ್ಲಿ ತಾಯಿಯನ್ನು ಕೊಂದರೆ ಗೂಡಿನಲ್ಲಿ ಮರಿಗಳು ಹಸಿದು ಸಾಯುತ್ತವೆ ಎಂಬುದನ್ನು ಯೋಜನೆ ಹಾಕುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸ್ಥಳೀಯ, ಪರಕೀಯ ಎಂಬ ವಿಂಗಡಣೆಯೇ ಹೊರಗಿನವರನ್ನು ದ್ವೇಷಿಸುವ ಮನೋಭಾವದ ಇನ್ನೊಂದು ಮುಖ ಎಂಬುದು ಎರಡನೆಯ ಆಕ್ಷೇಪ. ಹುಟ್ಟೂರಿನ ಆಧಾರದ ಮೇಲೆಯೇ ಪ್ರಾಣಿಯನ್ನು ಕೊಲ್ಲುವುದಾದರೆ ಈ ಮಾತು ಒಪ್ಪತಕ್ಕದ್ದೇ. ಆದರೆ ಬ್ರಿಟನ್ನಿನಲ್ಲಿ ಹೊರಗಿನಿಂದ ಬಂದ ಪ್ರಾಣಿಪಕ್ಷಿಗಳು ಬೇಕಾದಷ್ಟಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ತಂದು ಬಿಟ್ಟ ಪುಟ್ಟ ಗೂಬೆಯೊಂದು ಅಲ್ಲಿ ನೆಮ್ಮದಿಯಾಗಿ ಬದುಕಿದೆ, ಅದನ್ನು ಕೊಲ್ಲಬೇಕೆಂದು ಯಾರೂ ಹೇಳುವುದಿಲ್ಲ. ತಕರಾರು ಇರುವುದು ಪ್ರಾಣಿಯ ಮೂಲದ ಬಗ್ಗೆ ಅಲ್ಲ, ಅದರ ಪರಿಣಾಮದ ಬಗ್ಗೆ. ನಮ್ಮ ದೇಶದ ಊರಕಾಗೆ ಹಡಗು ಹತ್ತಿ, ಕೆಲವು ಕಡೆ ಮನುಷ್ಯರೇ ಒಯ್ದು ಬಿಟ್ಟು, ಪೂರ್ವ ಆಫ್ರಿಕದ ಕರಾವಳಿ ಸೇರಿ ಅಲ್ಲಿನ ಸಣ್ಣ ಹಕ್ಕಿಗಳ ಗೂಡುಗಳನ್ನು ಬರಿದು ಮಾಡುತ್ತಿದೆ. ಉತ್ತರ ಭಾರತದ ಐದು ಗೆರೆಯ ಅಳಿಲು 1898ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರಕ್ಕೆ ಹೋಗಿ ಅಲ್ಲಿ ಇಂದಿಗೂ ಇದೆ. ನಮ್ಮಲ್ಲಿ ಶ್ರಾದ್ಧದ ಪಿಂಡಕ್ಕೆ ಕಾಯುವ ಕಾಗೆ, ರಾಮನ ಬೆರಳಿನ ಗುರುತು ಹೊತ್ತ ಅಳಿಲು ಬೇರೆ ನೆಲದಲ್ಲಿ ಪೀಡೆಯಾಗಬಹುದು. ಯಾವ ಪ್ರಾಣಿಯೂ ಸ್ವಭಾವತಃ ಪೀಡೆಯಲ್ಲ. ಅದನ್ನು ತಡೆಯುವ ಶತ್ರು, ರೋಗ, ಪೈಪೋಟಿ ಯಾವುದೂ ಇಲ್ಲದ ಜಾಗಕ್ಕೆ ಒಯ್ದು ಬಿಟ್ಟಾಗ ಪೀಡೆಯಾಗುತ್ತದೆ.

ಕೆಂಪು ಅಳಿಲಿನ ನಿಜವಾದ ಶತ್ರು ಮನುಷ್ಯ, ಕಾಡು ಕಡಿದವನು ಅವನು ಎಂಬುದು ಮೂರನೆಯ ಆಕ್ಷೇಪ. ಇದರಲ್ಲೂ ಸತ್ಯವಿದೆ. ಸ್ಕಾಟ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಕಾಡಿನ ನಾಶದಿಂದಲೇ ಕೆಂಪು ಅಳಿಲು ಅಳಿವಿನಂಚಿಗೆ ಹೋಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಭೂಮಾಲೀಕರು ಸಂಘ ಕಟ್ಟಿಕೊಂಡು, ಪೈನ್ ತೋಪು ಹಾಳುಮಾಡುತ್ತವೆಂದು ಹತ್ತಾರು ಸಾವಿರ ಕೆಂಪು ಅಳಿಲುಗಳನ್ನು ಕೊಂದದ್ದೂ ದಾಖಲೆಯಲ್ಲಿದೆ. ಆದರೆ ಅವು ಹಿಂದಿನ ಕಾಲದ ಕಾರಣಗಳು, ಇಂದಿನ ಕಾರಣ ಬೇರೆ. ಆಂಗಲ್‌ಸೀಯಲ್ಲಿ ಕಾಡು ಹೊಸದಾಗಿ ಹುಟ್ಟಲಿಲ್ಲ. ಇದ್ದ ಕಾಡುಗಳಲ್ಲೇ ಬೂದು ಅಳಿಲು ಹೋದ ಮೇಲೆ ಕೆಂಪು ಅಳಿಲು ನೆಲೆ ನಿಂತಿತು. ಬೂದು ಅಳಿಲು ನೆಲೆಯೂರದ ಐಲ್ ಆಫ್ ವೈಟ್, ಬ್ರೌನ್ಸೀ ದ್ವೀಪಗಳಲ್ಲಿ, ದಕ್ಷಿಣ ಇಂಗ್ಲೆಂಡಿನ ಬಾಗಿಲಲ್ಲೇ, ಕೆಂಪು ಅಳಿಲು ಇಂದಿಗೂ ಬದುಕಿದೆ. ಇಟಲಿಯ ಬೂದು ಅಳಿಲುಗಳಲ್ಲಿ ಸಿಡುಬಿನ ವೈರಸ್ ಕಂಡುಬಂದಿಲ್ಲ, ಆದರೂ ಅವು ಹೋದಲ್ಲೆಲ್ಲ ಕೆಂಪು ಅಳಿಲು ಕಣ್ಮರೆಯಾಗುತ್ತಿದೆ. ಕಾಡನ್ನು ಬೆಳೆಸಲೇಬೇಕು. ಆದರೆ ಬೂದು ಅಳಿಲಿರುವ ಕಡೆ ಬೆಳೆಸಿದ ಕಾಡು ಬೂದು ಅಳಿಲಿನ ಕಾಡೇ ಆಗುತ್ತದೆ.

ಕೊಲ್ಲದೆಯೇ ಆಗುವ ದಾರಿಗಳಿವೆಯಲ್ಲ ಎಂಬುದು ಕೊನೆಯ ಆಕ್ಷೇಪ, ಎಲ್ಲಕ್ಕಿಂತ ಭರವಸೆಯದೂ ಹೌದು. ಪೈನ್ ಮಾರ್ಟೆನ್ ಎಂಬ ಬೇಟೆಗಾರ ಪ್ರಾಣಿ, ನಮ್ಮ ಕೊಡಗಿನ ಕಾಡುಗಳಲ್ಲಿ ಅಪರೂಪಕ್ಕೆ ಕಾಣುವ ನೀಲಗಿರಿ ಮಾರ್ಟೆನ್ನಿನ ದಾಯಾದಿ, ಬ್ರಿಟನ್ನಿನಲ್ಲೂ ಐರ್ಲೆಂಡಿನಲ್ಲೂ ಒಮ್ಮೆ ಬೇಟೆಗೆ ಬಲಿಯಾಗಿ ಅಳಿಯುವ ಹಂತ ಮುಟ್ಟಿತ್ತು. ರಕ್ಷಣೆ ಸಿಕ್ಕ ಮೇಲೆ ಅದು ಮರಳಿ ಬಂದ ಐರ್ಲೆಂಡಿನ ನಡುನಾಡಿನಲ್ಲಿ ಬೂದು ಅಳಿಲುಗಳ ಸಂಖ್ಯೆ ಕುಸಿದು ಕೆಂಪು ಅಳಿಲು ಮತ್ತೆ ಕಾಣಿಸಿಕೊಂಡದ್ದನ್ನು ಸಂಶೋಧಕರು 2014ರಲ್ಲಿ ವರದಿ ಮಾಡಿದರು. ಸ್ಕಾಟ್ಲೆಂಡಿನಲ್ಲೂ ಅದೇ ಫಲಿತಾಂಶ ಬಂತು. ಸಾವಿರಾರು ವರ್ಷ ಮಾರ್ಟೆನ್ ಜೊತೆ ಬದುಕಿದ ಕೆಂಪು ಅಳಿಲಿಗೆ ಅದರ ವಾಸನೆಯ ಅರ್ಥ ಗೊತ್ತು, ಬೂದು ಅಳಿಲಿಗೆ ಗೊತ್ತಿಲ್ಲ. 2015ರಿಂದ ಸ್ಕಾಟ್ಲೆಂಡಿನ ಮಾರ್ಟೆನ್‌ಗಳನ್ನು ವೇಲ್ಸ್‌ಗೆ ಒಯ್ದು ಬಿಡಲಾಗಿದೆ. ಇದು ಎಲ್ಲಕ್ಕಿಂತ ಒಳ್ಳೆಯ ದಾರಿ, ಆದರೆ ನಿಧಾನದ ದಾರಿ. ಮಾರ್ಟೆನ್ ಕಾಡಿನ ಪ್ರಾಣಿ, ಊರು ಪೇಟೆಗಳ ಉದ್ಯಾನಗಳಿಗೆ ಬರುವುದಿಲ್ಲ. ಬೂದು ಅಳಿಲಿಗೆ ಊರೇ ಆಶ್ರಯ. ಇನ್ನು ಗರ್ಭನಿರೋಧಕ. ಬ್ರಿಟನ್ನಿನ ಸರ್ಕಾರಿ ವಿಜ್ಞಾನಿಗಳು ತಿನಿಸಿನಲ್ಲಿ ಬೆರೆಸಿ ಕೊಡುವ ಔಷಧದ ಮೇಲೆ ಕೆಲಸ ಮಾಡುತ್ತಿದ್ದಾರೆ. ತೂಕದ ಬೂದು ಅಳಿಲು ಕೂತರೆ ಮಾತ್ರ ತೆರೆಯುವ, ಹಗುರ ಕೆಂಪು ಅಳಿಲಿಗೆ ತೆರೆಯದ ತಿನಿಸಿನ ಪೆಟ್ಟಿಗೆಯನ್ನೂ ರೂಪಿಸಿದ್ದಾರೆ. ಇದು ಬಳಕೆಗೆ ಬಂದ ದಿನ ಬೋನಿನ ಕೆಲಸ ಬಹಳಷ್ಟು ಇಳಿಯುತ್ತದೆ, ಇಳಿಯಲೇಬೇಕು. ಆದರೆ ಉಳಿದಿರುವ ಕೆಂಪು ಅಳಿಲುಗಳು ಆ ದಿನದವರೆಗೆ ಬದುಕಿರಬೇಕಲ್ಲ. ಬೋನು ಕೊಳ್ಳುತ್ತಿರುವುದು ಆ ಸಮಯವನ್ನು.

ಎಲ್ಲಿ ಬೇಡ ಎಂಬುದೂ ಮುಖ್ಯ

ಇಷ್ಟು ಹೇಳಿದ ಮೇಲೆ ಎಲ್ಲಿ ಕೊಲ್ಲಬಾರದು ಎಂಬುದನ್ನೂ ಅಷ್ಟೇ ಖಚಿತವಾಗಿ ಹೇಳಬೇಕು. ಲಂಡನ್ನಿನ ಪಾರ್ಕುಗಳಲ್ಲಿ, ಕೆಂಪು ಅಳಿಲು ಇಲ್ಲವಾಗಿ ತಲೆಮಾರುಗಳೇ ಕಳೆದ ದಕ್ಷಿಣ ಇಂಗ್ಲೆಂಡಿನ ಬಯಲುಗಳಲ್ಲಿ ಕೆಂಪು ಅಳಿಲಿನ ಹೆಸರಿನಲ್ಲಿ ಬೂದು ಅಳಿಲನ್ನು ಕೊಲ್ಲುವುದರಲ್ಲಿ ಅರ್ಥವಿಲ್ಲ. ಅಲ್ಲಿ ಕೊಂದಷ್ಟೂ ಸುತ್ತಲಿಂದ ಬರುತ್ತವೆ, ಉಳಿಸಬೇಕಾದ ಕೆಂಪು ಅಳಿಲೂ ಅಲ್ಲಿಲ್ಲ. 1953ರ ತಪ್ಪನ್ನು ಮತ್ತೆ ಮಾಡಿದಂತಾಗುತ್ತದೆ. ಕೆಲಸ ನಡೆಯಬೇಕಾದದ್ದು ಗಡಿಗಳಲ್ಲಿ: ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಸೀಮೆಯ ಅಂಚಿನಲ್ಲಿ, ಉತ್ತರ ಇಂಗ್ಲೆಂಡಿನ ಕೀಲ್ಡರ್ ಕಾಡಿನ ಸುತ್ತ, ಸುತ್ತಲೂ ಕೆಂಪು ಅಳಿಲಿನ ಕಾಡಿರುವ ಅಬರ್ಡೀನಿನಂಥ ನಗರಗಳಲ್ಲಿ, ನೀರು ಕಾವಲಿರುವ ದ್ವೀಪಗಳಲ್ಲಿ. ಎಲ್ಲಿ ಗೆರೆ ಎಳೆದು ನಿಲ್ಲಬಹುದೋ ಅಲ್ಲಿ ಮಾತ್ರ ಬೋನು ಇಡುವ ಹಕ್ಕು ನಮಗಿದೆ.

ಈ ಪಾಠ ನಮಗೆ ದೂರದ್ದಲ್ಲ. ಚಂದದ ಹೂವಿಗಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಬಂದ ಲಂಟಾನ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ನೆಲವನ್ನು ಮುಚ್ಚಿದೆ. ನೂರು ವರ್ಷಗಳಿಂದ ಕಡಿಯುತ್ತಲೇ ಇದ್ದರೂ ಬುಡ ಬಿಟ್ಟು ಕಡಿದದ್ದೇ ಹೆಚ್ಚು. ಅದರ ಹಿಂದೆಯೇ ಬಂದ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಮರ ಆನೆ, ಜಿಂಕೆಗಳ ಮೇವಿನ ಜಾಗವನ್ನು ಕಬಳಿಸುತ್ತಿದೆ. ಗಿಡ ಕಡಿಯಲು 'ಜೀವದಯೆ' ಅಡ್ಡ ಬರುವುದಿಲ್ಲ, ಆದರೆ ಅಂಡಮಾನಿನ ಕಥೆ ಬೇರೆ. ಬ್ರಿಟಿಷರ ಕಾಲದಲ್ಲಿ ಅಲ್ಲಿಗೆ ಒಯ್ದ ಚುಕ್ಕೆ ಜಿಂಕೆಗಳು, ಅವುಗಳನ್ನು ಬೇಟೆಯಾಡುವ ಹುಲಿ ಚಿರತೆಗಳಿಲ್ಲದ ದ್ವೀಪಗಳಲ್ಲಿ ಹೆಚ್ಚಿ, ಕಾಡಿನ ಸಸಿಗಳನ್ನು ಮೇಯ್ದು ಮರಗಳ ಹೊಸ ತಲೆಮಾರು ಮೇಲೇಳದಂತೆ ಮಾಡಿವೆ. ಬಂಡೀಪುರದಲ್ಲಿ ಹುಲಿಯ ಆಹಾರವಾಗಿ ಕಾಡನ್ನು ಕಾಯುವ ಜಿಂಕೆಯೇ ಅಲ್ಲಿ ಕಾಡಿಗೆ ಕುತ್ತು. ಅದನ್ನು ಏನು ಮಾಡಬೇಕೆಂಬ ಪ್ರಶ್ನೆಯನ್ನು ನಾವು ಎಷ್ಟು ಮುಂದೂಡುತ್ತೇವೋ ಅಷ್ಟು ಹೆಚ್ಚು ಜಿಂಕೆಗಳನ್ನೂ ಅಷ್ಟು ಹೆಚ್ಚು ಕಾಡನ್ನೂ ತೆತ್ತು ಉತ್ತರಿಸಬೇಕಾಗುತ್ತದೆ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಕ್ರಮಣಕಾರಿ ಪರಕೀಯ ಪ್ರಭೇದಗಳ ನಿಯಂತ್ರಣಕ್ಕೆ ಮೊದಲ ಬಾರಿಗೆ ಅವಕಾಶ ಸಿಕ್ಕಿದೆ. ಅವಕಾಶ ಕಾಗದದಲ್ಲಿ ಉಳಿಯದೆ ಬಂದರು, ವಿಮಾನ ನಿಲ್ದಾಣ, ಸಾಕುಪ್ರಾಣಿ ಮಾರುವ ಅಂಗಡಿಗಳ ಮಟ್ಟದಲ್ಲಿ ಜಾರಿಗೆ ಬರಬೇಕು.

ಪ್ರತಿಯೊಬ್ಬ ಓದುಗರೂ ಮಾಡಬಹುದಾದದ್ದು ಇದೆ. ಅಕ್ವೇರಿಯಂ ಬೇಸರವಾಯಿತೆಂದು ಮೀನನ್ನು ಕೆರೆಗೆ ಬಿಡಬೇಡಿ. ಕಿವಿಯ ಬಳಿ ಕೆಂಪು ಪಟ್ಟೆಯಿರುವ ಅಮೆರಿಕದ ಆಮೆ ದೊಡ್ಡದಾಯಿತೆಂದು ಪುಣ್ಯಕ್ಕೆಂದೋ ದಯೆಗೆಂದೋ ಹೊಳೆಗೆ ಬಿಡಬೇಡಿ. ಬೆಂಗಳೂರಿನ ಕೆರೆಗಳಲ್ಲಿ ಅದು ಈಗಾಗಲೇ ಕಾಣಿಸಿಕೊಂಡಿದೆ. ಸಾಕಲಾಗದಿದ್ದರೆ ಪ್ರಾಣಿ ಪುನರ್ವಸತಿ ಕೇಂದ್ರಕ್ಕೆ ಒಪ್ಪಿಸಿ, ಪರದೇಶದ ಪ್ರಾಣಿಯನ್ನು ಕೊಳ್ಳುವ ಮೊದಲೇ ಹತ್ತು ಬಾರಿ ಯೋಚಿಸಿ. ಬ್ರಿಟನ್ನಿನ ಕಾಡುಗಳಲ್ಲಿ ಇಂದು ಬೋನು ಹೊತ್ತು ತಿರುಗುತ್ತಿರುವ ಸ್ವಯಂಸೇವಕರು, ನೂರೈವತ್ತು ವರ್ಷಗಳ ಹಿಂದೆ ಕೆಲವರು ಸಂತೋಷಕ್ಕೆಂದು ತೆರೆದ ಪಂಜರದ ಬಾಗಿಲಿಗೆ ಬೆಲೆ ತೆರುತ್ತಿದ್ದಾರೆ. ತರದೇ ಇದ್ದ ಪ್ರಾಣಿಯನ್ನು ಯಾರೂ ಕೊಲ್ಲಬೇಕಾಗಿ ಬರುವುದಿಲ್ಲ.